ಸೇರಿಗೆ ಒಂದು ಚಟಾಕು

ಅವರ ಬಲಗಿವಿಯ ಮೇಲೆ ಯಾವಾಗಲೂ ಒಂದು ಕಾಗದದ ಚೂರು ಇರುತ್ತಿತ್ತು. ಬೈಲಹೊಂಗಲದ ನಮ್ಮ ಕಟ್ಟಿಗೆ ಅಡ್ಡೆಯಲ್ಲಿ ಉಳಿದವರೆಲ್ಲ ಬೀಡಿ ಸಿಕ್ಕಿಸಿಕೊಳ್ಳುತ್ತಿದ್ದ ಜಾಗ ಅದು. ಹಳೆಯ ಪತ್ರಿಕೆಯ ಅಂಚಿನಲ್ಲಿ ಅಚ್ಚು ಬೀಳದ ಬಿಳಿ ಭಾಗವನ್ನಷ್ಟೇ ನೋಡಿ ಹರಿದುಕೊಂಡ, ಎರಡು ಬೆರಳಗಲದ ಚೂರು. ಅದನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆ ಎರಡು ಬೆರಳುಗಳ ಗೆರೆಗಳಲ್ಲಿ ಎಣ್ಣೆ ಇಳಿದು ಕಪ್ಪಾಗಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ ಎಂದು ಅವರೇ ನಗುತ್ತ ಹೇಳುತ್ತಿದ್ದರು. ನಾನು ಈಗ ಬರೆಯುತ್ತಿರುವುದು ಆ ಎರಡು ಬೆರಳುಗಳ ಕಥೆ ಎಂದರೂ ಆದೀತು.

ಅಡ್ಡೆಯಲ್ಲಿ ಎಲ್ಲರೂ ಅವರನ್ನು ಮಿಸ್ತ್ರಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ನಾನು ರಾಮದುರ್ಗದವಳು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ಮದುವೆಯಾಗಿ ಈ ಕಟ್ಟಿಗೆ ವ್ಯಾಪಾರದ ಮನೆಗೆ ಬಂದೆ. ನಾನು ಬಂದ ಎರಡನೆಯ ವರ್ಷ ಮಿಸ್ತ್ರಿ ಬಂದರು. ಸವದತ್ತಿಯ ಹತ್ತಿರ ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂದಾಗ ಅಲ್ಲಿನ ಗುತ್ತಿಗೆದಾರನೊಬ್ಬ ಕೈಯಲ್ಲಿ ಹಿಡಿದು ಮರ ಕೊಯ್ಯುವ ತನ್ನ ಹಳೆಯ ಪರದೇಶಿ ಗರಗಸ ಯಂತ್ರವನ್ನು ಮಾರಿದ. ನಮ್ಮ ಮಾವನವರು ಕೊಂಡರು. ಯಂತ್ರದ ಹಿಂದೆ ಅದನ್ನು ನಡೆಸುತ್ತಿದ್ದವರೂ ಬಂದರು. ಸವದತ್ತಿ ಹತ್ತಿರದ ಹೂಲಿ ಊರಿನವರು. ಐವತ್ತರ ಹತ್ತಿರದ ವಯಸ್ಸು, ಗಿಡ್ಡ ದೇಹ, ಮಾತು ಕಡಿಮೆ.

ಆ ಯಂತ್ರವನ್ನು ಮೊದಲ ಸಲ ನಮ್ಮ ಹಿತ್ತಲಿನಲ್ಲಿ ಹಗ್ಗ ಎಳೆದು ಶುರು ಮಾಡಿದಾಗ ನನ್ನ ಕೈಯಲ್ಲಿದ್ದ ಹಿಟ್ಟಿನ ಪರಾತ ಜಾರಿ ಬಿತ್ತು. ಅಂಥ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇಬ್ಬರು ಗರಗಸದವರು ಮೇಲೊಬ್ಬ ಕೆಳಗೊಬ್ಬ ನಿಂತು ಮಧ್ಯಾಹ್ನದವರೆಗೆ ಕೊಯ್ಯುತ್ತಿದ್ದ ಜಾಲಿಯ ಬೊಡ್ಡೆಯನ್ನು, ನಾನು ಚೆಲ್ಲಿದ ಹಿಟ್ಟು ಬಳಿದು ಮುಗಿಸುವಷ್ಟರಲ್ಲಿ ಅದು ಎರಡು ತುಂಡು ಮಾಡಿತ್ತು. ಅತ್ತೆಯವರು ದೇವರ ಮನೆಗೆ ಓಡಿ ದೀಪ ಹಚ್ಚಿದರು. ಮಾವನವರು ಮಾತ್ರ ಮೀಸೆ ತೀಡುತ್ತ ನಿಂತಿದ್ದರು.

ಅಂಥ ಯಂತ್ರಕ್ಕೆ ಬರಿಯ ಪೆಟ್ರೋಲ್ ಹಾಕಿದರೆ ನಡೆಯುವುದಿಲ್ಲ. ಪೆಟ್ರೋಲಿನಲ್ಲೇ ಎಣ್ಣೆ ಕಲಸಬೇಕು. ಪೆಟ್ರೋಲ್ ಉರಿದು ಯಂತ್ರವನ್ನು ಓಡಿಸುತ್ತದೆ, ಅದರೊಡನೆ ಹೋದ ಎಣ್ಣೆ ಒಳಗಿನ ಪಿಸ್ಟನ್ನನ್ನು ನುಣುಪಾಗಿಟ್ಟು ಸುಡದಂತೆ ಕಾಯುತ್ತದೆ. ಎಷ್ಟಕ್ಕೆ ಎಷ್ಟು ಎನ್ನುವುದನ್ನು ಟಾಕಿಯ ಮುಚ್ಚಳದ ಮೇಲೆ ಎರಕದಲ್ಲೇ ಕೊಟ್ಟಿದ್ದರು: ಹದಿನಾರಕ್ಕೆ ಒಂದು. ಮಿಸ್ತ್ರಿಗೆ ಓದಲು ಬರುತ್ತಿರಲಿಲ್ಲ, ಅಂಕಿ ಮಾತ್ರ ಗೊತ್ತಿತ್ತು. ಅವರು ಆ ಪರದೇಶದ ಲೆಕ್ಕವನ್ನು ನಮ್ಮ ಅಳತೆಗೆ ಇಳಿಸಿಕೊಂಡಿದ್ದರು.

“ಸೇರಿಗೆ ಎಷ್ಟ ಚಟಾಕ್ರಿ ಅಕ್ಕಾರ? ಹದಿನಾರು. ಹಂಗಂದ್ರ ಸೇರ ಪೆಟ್ರೋಲಿಗೆ ಒಂದ ಚಟಾಕ ಎಣ್ಣಿ. ಯಂತ್ರ ಪರದೇಶದ್ದ ಆದ್ರೂ ಲೆಕ್ಕ ನಮ್ಮ ಸಂತೀದ ನೋಡ್ರಿ,” ಎಂದು ಮೊದಲ ದಿನ ಹೇಳಿದ್ದರು. ಸರಕಾರ ಲೀಟರ್ ತಂದು ವರ್ಷಗಳಾಗಿದ್ದವು. ಆದರೆ ನಮ್ಮ ಹಿತ್ತಲಿನಲ್ಲಿ ಸೇರು, ಚಟಾಕುಗಳೇ ನಡೆಯುತ್ತಿದ್ದವು.

ಈ ಕಲಸುವ ಕೆಲಸ ನನ್ನ ಪಾಲಿಗೆ ಬಂದದ್ದು ಹೇಗೆ ಎಂದು ಹೇಳಬೇಕು. ಪೆಟ್ರೋಲ್ ದರ ಒಮ್ಮೆಲೇ ಆಕಾಶಕ್ಕೆ ಏರಿದ ವರ್ಷ ಮಾವನವರಿಗೆ ಎಲ್ಲರೂ ಕಳ್ಳರಾಗಿ ಕಾಣತೊಡಗಿದರು. ಪೀಪಾಯಿಯನ್ನೂ ಎಣ್ಣೆಯ ಡಬ್ಬವನ್ನೂ ಅಡ್ಡೆಯಿಂದ ತರಿಸಿ ಮನೆಯ ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿಸಿದರು. ನನ್ನ ಯಜಮಾನರು ಲಾರಿಯೊಂದಿಗೆ ಊರೂರು ಸುತ್ತುವವರು. ಅತ್ತೆಯವರಿಗೆ ಪೆಟ್ರೋಲ್ ವಾಸನೆ ಬಂದರೆ ತಲೆ ತಿರುಗುತ್ತಿತ್ತು. ಉಳಿದವಳು ನಾನು. “ಮ್ಯಾಟ್ರಿಕ್ ಕಲತಾಳ, ನಾಕ ಸೇರ ಐದ ಸೇರ ಎಣಸಾಕ ಬರೂದಿಲ್ಲೇನು?” ಎಂದು ಮಾವನವರು ಕೀಲಿಕೈಯನ್ನು ನನ್ನ ಕಡೆ ಎಸೆದರು.

ಮಿಸ್ತ್ರಿ ಆ ಕೋಣೆಯೊಳಗೆ ಬರುವಂತಿರಲಿಲ್ಲ. ಅವರ ಓಣಿಯವರು ನಮ್ಮ ಮನೆಯ ಹೊಸ್ತಿಲು ದಾಟುವ ಪದ್ಧತಿ ಇರಲಿಲ್ಲ. ಆಗ ನಾವು ಅದನ್ನು ಪದ್ಧತಿ ಎಂದೇ ಕರೆಯುತ್ತಿದ್ದೆವು. ಈಗ ಆ ಶಬ್ದ ಬರೆಯುವಾಗ ನಾಚಿಕೆಯಾಗುತ್ತದೆ. ಅವರು ಹಿತ್ತಲ ಬಾಗಿಲಿನ ಆಚೆ ನಿಂತು ಹೇಳುವರು, ನಾನು ಒಳಗೆ ಕೋಣೆಯ ಕತ್ತಲಲ್ಲಿ ಅಳೆದು ಸುರಿಯುವೆ. ನಾನು ಯಾವ ಪಾತ್ರೆಯಿಂದ ಅಳೆಯುತ್ತೇನೆ ಎನ್ನುವುದು ಅವರಿಗೆ ಕಾಣುತ್ತಿರಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು.

“ಮದಲ ಅರ್ಧಾ ಪೆಟ್ರೋಲ್ ಹಾಕ್ರಿ. ಆಮ್ಯಾಲೆ ಎಣ್ಣಿ. ಮುಚ್ಚಿ ಅಳ್ಳಾಡಸ್ರಿ. ಆಮ್ಯಾಲೆ ಉಳದ ಅರ್ಧಾ. ಗಡಬಡಿ ಮಾಡಬ್ಯಾಡ್ರಿ, ಅದೇನ ಓಡಿ ಹೋಗೂದಿಲ್ಲ.”

ಡಬ್ಬಿಯನ್ನು ಹೊಸ್ತಿಲ ಮೇಲೆ ಇಟ್ಟಾಗ ಅವರ ಪರೀಕ್ಷೆ ಶುರು. ಕಿವಿಯ ಮೇಲಿನ ಕಾಗದ ತೆಗೆದು, ಡಬ್ಬಿಯಲ್ಲಿ ಕಡ್ಡಿ ಅದ್ದಿ ಒಂದೇ ಹನಿ ಅದರ ಮೇಲೆ ಬಿಡುವರು. ಪೆಟ್ರೋಲ್ ನೋಡನೋಡುತ್ತ ಆರಿ ಹೋಗುತ್ತಿತ್ತು. ಎಣ್ಣೆಯ ಕಲೆ ಉಳಿಯುತ್ತಿತ್ತು. ಕಲೆ ಕಡಲೆಕಾಳಿನಷ್ಟಿದ್ದರೆ ಸರಿ. ಅದಕ್ಕಿಂತ ಸಣ್ಣದಾದರೆ ಅವರು ಏನೂ ಅನ್ನುತ್ತಿರಲಿಲ್ಲ, ಡಬ್ಬಿಯನ್ನು ಒಂದು ಬೆರಳಿನಿಂದ ನನ್ನ ಕಡೆಗೆ ಸರಿಸುತ್ತಿದ್ದರು. ಮೊದಲ ತಿಂಗಳಲ್ಲಿ ಹಾಗೆ ಎಷ್ಟು ಸಲ ಸರಿಸಿದರೋ! ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಕೇಳಿಯೇ ಬಿಟ್ಟೆ, “ಒಂದ ಹನಿ ಹೆಚ್ಚು ಕಡಿಮಿ ಆದ್ರ ಏನ ಆಗತೈತಿ ಮಿಸ್ತ್ರಿ?”

ಅವರು ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವಂತಿಲ್ಲ. “ಎಣ್ಣಿ ಹೆಚ್ಚಾದ್ರ ಹೊಗಿ ಹೇಳತೈತ್ರಿ ಅಕ್ಕಾರ. ಕಡಿಮಿ ಆದ್ರ ಯಾರೂ ಹೇಳೂದಿಲ್ಲ. ಯಂತ್ರ ಮದಲಿಗಿಂತ ಚಲೋ ಓಡತೈತಿ. ಓಡಿ ಓಡಿ ಒಮ್ಮಿಗಿಲೆ ಹಿಡದ ಬಿಡತೈತಿ.”

ನನ್ನ ಕೆಲಸ ಬರಬರುತ್ತ ಸುಧಾರಿಸಿತು, ಆದರೆ ಒಂದು ಅನಾಹುತ ಮಾಡಿದೆ. ಒಂದು ಬೆಳಗ್ಗೆ ತುಂಬಿದ ಡಬ್ಬಿಯನ್ನು ಮರೆತು ಬಚ್ಚಲ ಒಲೆಯ ಹತ್ತಿರ ಇಟ್ಟುಬಿಟ್ಟೆ. ಭಗ್ ಎಂದು ಬೆಂಕಿ ಹಾರಿ ಬಾಗಿಲಿಗೆ ಕಟ್ಟಿದ್ದ ಗೋಣಿಪಡದೆ ಸುಟ್ಟಿತು. ಹೊರಗಿದ್ದ ಮಿಸ್ತ್ರಿ ಮರಳಿನ ಬುಟ್ಟಿಯನ್ನು ಕಿಡಕಿಯಿಂದಲೇ ಎಸೆದು ನಂದಿಸಿದರು. ಆಗಲೂ ಹೊಸ್ತಿಲು ದಾಟಲಿಲ್ಲ! ಮಾವನವರು ಓಡಿ ಬಂದು, ಆಳುಕಾಳುಗಳ ಮುಂದೆಯೇ ನನಗೆ ಹೇಳಿದರು, “ಈ ಪೆಟ್ರೋಲಿನ ಕೆಲಸದಾಗ ಇನ್ನೊಮ್ಮಿ ತಪ್ಪ ಮಾಡು, ನಿನ್ನ ಟ್ರಂಕಿನ ಸೈತ ಸೀದಾ ರಾಮದುರ್ಗದ ಬಸ್ ಹತ್ತಸತೇನಿ. ಮತ್ತ ಕರಿಯಾಕ ಯಾರೂ ಬರೂದಿಲ್ಲ.”

ಮಾವನವರು ಆಡಿದ್ದನ್ನು ಮಾಡುವ ಮನುಷ್ಯ. ನನ್ನ ತವರಿನಲ್ಲಿ ಅಪ್ಪ ತೀರಿದ್ದ, ಮದುವೆಯಾಗದ ಇಬ್ಬರು ತಂಗಿಯರಿದ್ದರು. ಗಂಡನ ಮನೆಯಿಂದ ಕಳಿಸಿದ ಅಕ್ಕನ ತಂಗಿಯರನ್ನು ಆ ಕಾಲದಲ್ಲಿ ಯಾರು ಕೇಳುತ್ತಿದ್ದರು? ಬಾಗಿಲಿನ ಆಚೆ ಮಿಸ್ತ್ರಿ ಬರಿದಾದ ಬುಟ್ಟಿ ಹಿಡಿದು ಎಲ್ಲವನ್ನೂ ಕೇಳುತ್ತಿದ್ದರು.

ಅದಾಗಿ ವರ್ಷ ಕಳೆದಿರಬೇಕು. ಒಂದು ದಿನ ಅವರು ಬಂದಾಗ ಕಿವಿ ಬೋಳಾಗಿ ಕಂಡಿತು.

“ಕಾಗದ ಎಲ್ಲಿ ಮಿಸ್ತ್ರಿ?”

“ಇನ್ನ ಸಾಕ್ರಿ. ಅವ್ವ ಬಡಿಸಿದ ಅನ್ನದಾಗ ಹರಳ ಹುಡಕಬಾರದು.”

ಹೀಗೆ ಹೇಳಿ ಡಬ್ಬಿ ಎತ್ತಿಕೊಂಡು ಹೋದರು. ಮ್ಯಾಟ್ರಿಕ್ ಪಾಸಾದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಆ ಮನೆಯಲ್ಲಿ ನಾನು ಮಾಡಿದ ರೊಟ್ಟಿಗೆ, ಸಾರಿಗೆ, ಹಾಕಿದ ರಂಗೋಲಿಗೆ ಯಾರೂ ಒಂದು ಒಳ್ಳೆಯ ಮಾತು ಆಡಿದವರಲ್ಲ. ನನ್ನ ಕೈ ಸರಿಯಿದೆ ಎಂದು ಒಪ್ಪಿದವರು ಹೊಸ್ತಿಲ ಹೊರಗಿನ ಅವರೊಬ್ಬರೇ. ಅಂದಿನಿಂದ ಅವರು ನನ್ನ ಡಬ್ಬಿಯನ್ನು ಪರೀಕ್ಷೆ ಮಾಡಲೇ ಇಲ್ಲ. ಕಿತ್ತೂರಿನ ಕಡೆಯ ಸಾಗುವಾನಿ, ಸುರೇಬಾನದ ಹೊಲಗಳ ಬೇವು, ಎಲ್ಲವೂ ನಾನು ಕಲಸಿದ ಎಣ್ಣೆಯಲ್ಲೇ ಕೊಯ್ದದ್ದು ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಆ ಬೇಸಿಗೆಯಲ್ಲಿ ಅಳೆಯುವ ಕಬ್ಬಿಣದ ಸೇರಿನ ತಳ ಸೋರತೊಡಗಿತು. ಬೆಸುಗೆ ಹಾಕಲು ಕೊಟ್ಟಿದ್ದೆ. ಮರುದಿನ ಬೆಳಗ್ಗೆಯೇ ಸಂಪಗಾಂವದಲ್ಲಿ ಹುಣಸೆಮರ ಕೊಯ್ಯುವ ಕೆಲಸವೆಂದು ಮಾವನವರು ಮೋಟಾರ್‌ಸೈಕಲ್ ಹತ್ತಿ ಮುಂದೆ ಹೋದರು. ಮಿಸ್ತ್ರಿಯನ್ನೂ ಯಂತ್ರವನ್ನೂ ಒಯ್ಯಲು ಟ್ರ್ಯಾಕ್ಟರ್ ಹಿತ್ತಲಿಗೆ ಬಂದು ನಿಂತಿತ್ತು. ಸೇರು ಇಲ್ಲ. ನನಗೆ ನನ್ನ ಟ್ರಂಕಿನಲ್ಲಿದ್ದ ಹಿತ್ತಾಳೆಯ ಸೇರು ನೆನಪಾಯಿತು. ಅವ್ವ ಬಳುವಳಿಯಾಗಿ ಕೊಟ್ಟದ್ದು, ಅಜ್ಜನ ಕಾಲದ್ದು. ಕೋಣೆಯ ಕತ್ತಲಲ್ಲಿ, ಗಡಬಡಿಯಲ್ಲಿ, ಸೇರು ಅಂದರೆ ಸೇರು ಎಂದುಕೊಂಡು ಅದರಿಂದಲೇ ಐದು ಸೇರು ಪೆಟ್ರೋಲ್ ಸುರಿದೆ. ಅಡ್ಡೆಯ ಎಂದಿನ ಚಟಾಕಿನಿಂದ ಐದು ಚಟಾಕು ಎಣ್ಣೆ ಹಾಕಿದೆ. ಎಣಿಸುವುದರಲ್ಲಿ ಒಂದಿಷ್ಟೂ ತಪ್ಪಲಿಲ್ಲ.

ಡಬ್ಬಿ ಎತ್ತಿದ ಮಿಸ್ತ್ರಿ ಅದರ ಭಾರಕ್ಕೆ ಒಂದು ಗಳಿಗೆ ನಿಂತರು. “ಇವತ್ತ ಡಬ್ಬಿ ಭಾಳ ವಜ್ಜ ಆಗೈತೆಲ್ಲರಿ ಅಕ್ಕಾರ?”

“ಡಬ್ಬಿ ವಜ್ಜ ಆಗಿಲ್ಲ ಮಿಸ್ತ್ರಿ, ನಿಮಗ ವಯಸ್ಸ ಆಗೈತಿ,” ಎಂದೆ. ಟ್ರ್ಯಾಕ್ಟರ್ ಮೇಲೆ ಕುಳಿತವನು ನಕ್ಕ. ಅವರೂ ನಕ್ಕು, “ಬರತೇನ್ರಿ ಅಕ್ಕಾರ,” ಎಂದು ಹೋದರು.

ಬಿಸಿಲು ನೆತ್ತಿಗೆ ಬರುವ ಮೊದಲೇ ಟ್ರ್ಯಾಕ್ಟರ್ ವಾಪಸು ಬಂತು. ನಡೆಸುವವನ ಅಂಗಿಯೆಲ್ಲ ರಕ್ತ. ಅವನು ಬಾಗಿಲ ಹೊರಗೆ ಕುಸಿದು ಕುಳಿತು ಹೇಳಿದ. ಹುಣಸೆಯನ್ನು ಮುಕ್ಕಾಲು ಕೊಯ್ದಾಗ ಯಂತ್ರ ಕಿರ್ರೆಂದು ಕೂಗಿ ನಿಂತುಬಿಟ್ಟಿತು. ಅಲಗು ಮರದೊಳಗೇ ಸಿಕ್ಕಿತು. ಮಾವನವರು, “ಯಂತ್ರ ತಗೀ, ಮದಲ ಯಂತ್ರ ತಗೀ,” ಎಂದು ಕೂಗಿದರು. ಮಿಸ್ತ್ರಿ ಬೆಣೆ ಬಡಿದು ಅಲಗನ್ನು ಬಿಡಿಸಲು ಕೈ ಹಾಕಿದರು. ಗಾಳಿ ತಿರುಗಿತು, ಮರ ಬೀಳುವ ಬದಲು ತನ್ನ ಬುಡದ ಮೇಲೆ ಕೂತುಬಿಟ್ಟಿತು. ಅವರ ಬಲಗೈ ಆ ಸೀಳಿನೊಳಗೇ ಉಳಿಯಿತು. ಹಾರೆ ಹಾಕಿ ಎತ್ತುವವರೆಗೆ ಅವರು ಒಂದು ಸಲವೂ ಕೂಗಲಿಲ್ಲವಂತೆ. ಜೀಪಿನಲ್ಲಿ ಬೆಳಗಾವಿಯ ಆಸ್ಪತ್ರೆಗೆ ಒಯ್ದಿದ್ದರು.

ನನಗೆ ಬೆಳಗಿನ ಹಿತ್ತಾಳೆ ಸೇರಿನ ಮೇಲೆ ಸಂಶಯ ಬಂತು. ಸಂಜೆ ಬೆಸುಗೆಯವನು ಕಬ್ಬಿಣದ ಸೇರು ತಂದುಕೊಟ್ಟ. ನಾನು ಕೋಣೆಯ ಬಾಗಿಲು ಹಾಕಿಕೊಂಡು ನನ್ನ ಹಿತ್ತಾಳೆ ಸೇರಿನ ತುಂಬ ನೀರು ತೆಗೆದುಕೊಂಡು ಕಬ್ಬಿಣದ ಸೇರಿಗೆ ಸುರಿದೆ. ಅದು ತುಂಬಿತು. ನನ್ನ ಸೇರಿನಲ್ಲಿ ಇನ್ನೂ ಹತ್ತಿರ ಹತ್ತಿರ ಅಷ್ಟೇ ನೀರು ಉಳಿದಿತ್ತು. ರಾಮದುರ್ಗ ಹಿಂದೆ ಬೇರೆಯೇ ಸಂಸ್ಥಾನ, ಅಲ್ಲಿನ ಹಳೆಯ ಸೇರು ಬೇರೆ. ಬೈಲಹೊಂಗಲದ ಸೇರು ಬೇರೆ. ಹುಟ್ಟಿದೂರಿನ ಸೇರನ್ನೂ ಮೆಟ್ಟಿದೂರಿನ ಚಟಾಕನ್ನೂ ಕೂಡಿಸಿ, ಯಂತ್ರಕ್ಕೆ ಬೇಕಾದುದರ ಅರ್ಧದಷ್ಟೇ ಎಣ್ಣೆ ಕೊಟ್ಟಿದ್ದೆ. ಕೈಯಲ್ಲಿ ಸೇರು ಹಿಡಿದುಕೊಂಡು ಆ ಒದ್ದೆ ನೆಲದ ಮೇಲೆಯೇ ಕುಳಿತುಬಿಟ್ಟೆ.

ಹದಿನೈದು ದಿನಗಳ ಮೇಲೆ ಮಿಸ್ತ್ರಿ ಬಂದರು. ಬಲಗೈಗೆ ದಪ್ಪ ಪಟ್ಟಿ ಸುತ್ತಿತ್ತು. ಹೆಬ್ಬೆರಳು, ತೋರುಬೆರಳು ಎರಡನ್ನೂ ತೆಗೆದಿದ್ದರು. ಮಾವನವರು ಹಿತ್ತಲಿನಲ್ಲಿ ಹೊರಸಿನ ಮೇಲೆ ಕುಳಿತಿದ್ದರು, ಅಡ್ಡೆಯವರೆಲ್ಲ ಸುತ್ತ ನಿಂತಿದ್ದರು. ನಾನು ಬಾಗಿಲ ಹಿಂದೆ ಇದ್ದೆ. ತಪ್ಪು ಒಪ್ಪಿಕೊಳ್ಳಲೆಂದು ನಿಂತಿದ್ದೆ ಎಂದು ಬರೆದರೆ ಓದುವವರಿಗೆ ಹಿತವಾದೀತು. ಖರೆ ಹೇಳುತ್ತೇನೆ, ನಾನು ಕೇಳಲು ನಿಂತಿದ್ದೆ.

“ಯಂತ್ರ ಬಿಚ್ಚಿ ನೋಡ್ಯಾರ,” ಎಂದರು ಮಾವನವರು. “ಎಣ್ಣಿ ಸಾಲದ ಸುಟ್ಟೈತಿ ಅಂತಾರ. ಮನ್ಯಾಗಿನ ಅಳತಿ ತಪ್ಪಿತ್ತೇನು?”

“ಇಲ್ಲರಿ ಸಾವಕಾರ್ರ. ಅಕ್ಕಾರ ಕೊಟ್ಟಿದ್ದು ಬರೋಬ್ಬರಿ ಇತ್ತು.” ಮಿಸ್ತ್ರಿಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. “ದಾರ್ಯಾಗ ನಾನ ಅರ್ಧಾ ಡಬ್ಬಿ ಮಾರಿಕೊಂಡೆ. ಗೊತ್ತಾಗಬಾರದಂತ ಘಾಸಲೇಟ ತುಂಬಿದೆ. ತಪ್ಪ ನಂದು.”

ಘಾಸಲೇಟ್ ಎಂದರೆ ದೀಪಕ್ಕೆ ಹಾಕುವ ಚಿಮಣಿ ಎಣ್ಣೆ. ಅರ್ಧ ಕಡ್ಡಿಪೆಟ್ಟಿಗೆ ಸಿಕ್ಕರೂ ತಂದು ಹೊಸ್ತಿಲ ಮೇಲೆ ಇಡುತ್ತಿದ್ದ ಮನುಷ್ಯ, ಅಷ್ಟು ಜನರ ಮುಂದೆ ನಿಂತು ತನ್ನನ್ನು ತಾನೇ ಕಳ್ಳ ಎಂದು ಕರೆದುಕೊಂಡಿದ್ದ. ಟ್ರ್ಯಾಕ್ಟರ್ ನಡೆಸುವವನು ತಟ್ಟನೆ ತಲೆ ಎತ್ತಿ ಮಿಸ್ತ್ರಿಯನ್ನು ನೋಡಿದ, ಮತ್ತೆ ನೆಲ ನೋಡಿದ. ಕೀಲಿಕೈ ನನ್ನ ಸೊಂಟದಲ್ಲಿತ್ತು. ಎರಡು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ.

“ನಾಳಿಂದ ಈ ಅಡ್ಡಾದ ಕಡೆ ಮಾರಿ ತೋರಸಬ್ಯಾಡ,” ಎಂದರು ಮಾವನವರು. ಮಿಸ್ತ್ರಿ ಎಡಗೈ ಎತ್ತಿ ಎಲ್ಲರಿಗೂ ನಮಸ್ಕಾರ ಮಾಡಿದರು. ಹೋಗುವಾಗ ಬಾಗಿಲಿನ ಕಡೆ ನೋಡಿ, ದಿನಾ ಹೇಳುವಂತೆ, “ಬರತೇನ್ರಿ ಅಕ್ಕಾರ,” ಎಂದರು.

ನನಗಾಗಿ ಸುಳ್ಳು ಹೇಳಿದರು ಎನ್ನುವುದು ಆಗಲೇ ತಿಳಿಯಿತು. ಆದರೆ ಕೈ ಹೋದ ಮೇಲೆ, ಆಸ್ಪತ್ರೆಯಲ್ಲಿ ಮಲಗಿ ಯೋಚಿಸಿ ನನ್ನ ಮೇಲೆ ಕರುಣೆ ತೋರಿಸಿದ್ದಾರೆ ಎಂದುಕೊಂಡೆ. ಮನುಷ್ಯ ತನ್ನನ್ನು ಕ್ಷಮಿಸಿಕೊಳ್ಳಲು ಏನೆಲ್ಲ ಹುಡುಕುತ್ತಾನೆ! ಕೆಲವು ವಾರಗಳ ಮೇಲೆ ಸಂಪಗಾಂವದಿಂದ ಒಂದು ಚೇಷ್ಟೆಯ ಮಾತು ಬಂತು. ಅವತ್ತು ಬೆಳಗ್ಗೆ ಮರದ ಹತ್ತಿರದ ಮನೆಯೊಂದಕ್ಕೆ ಮಿಸ್ತ್ರಿ ಹೋಗಿ ಮೊದಲು ಒಂದು ಹಾಳೆ ಕಾಗದ, ಆಮೇಲೆ ಒಂದು ಬಟ್ಟಲು ಔಡಲೆಣ್ಣೆ ಕೇಳಿದ್ದರಂತೆ. ಔಡಲೆಣ್ಣೆ ಎಂದರೆ ಹರಳೆಣ್ಣೆ, ಹೊಟ್ಟೆ ಕಟ್ಟಿದವರಿಗೆ ಕುಡಿಸುವುದು. “ಔಡಲೆಣ್ಣಿ ಯಾಕಂತ ತಿಳೀತು, ಕಾಗದ ಯಾಕಂತ?” ಎಂದು ಅತ್ತೆಯವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ಅವರಿಗೆ ಹೊಟ್ಟೆ ಕಟ್ಟಿರಬೇಕು, ತಲೆ ತಿರುಗಿರಬೇಕು, ಎಲ್ಲವೂ ನನ್ನಿಂದಲೇ ಆದದ್ದಲ್ಲ ಎಂದು ನಂಬಲು ಅಂಥ ಒಂದು ನಗು ನನಗೆ ಬೇಕಾಗಿತ್ತು.

ಮಿಸ್ತ್ರಿ ಹೂಲಿಗೆ ಹೋದರು. ಕಿತ್ತೂರಿನಿಂದ ರಾಮದುರ್ಗದವರೆಗೆ ಯಂತ್ರ ಇಟ್ಟವರು ಯಾರೂ ಅವರನ್ನು ಕರೆಯಲಿಲ್ಲ. ಎಣ್ಣೆಗಳ್ಳ ಎಂಬ ಹೆಸರು ಅವರಿಗಿಂತ ಮುಂದೆ ಓಡುತ್ತಿತ್ತು. ನಾಲ್ಕು ವರ್ಷ ಕಳೆದವು. ನಾನು ಒಂದು ಸಲವೂ ಹೋಗಲಿಲ್ಲ. ಸವದತ್ತಿಗೆ ಹೋದಾಗಲೆಲ್ಲ ಹೂಲಿಯ ಬಸ್ಸು ನಿಂತದ್ದು ಕಾಣುತ್ತಿತ್ತು, ಮುಖ ತಿರುಗಿಸುತ್ತಿದ್ದೆ. ಆಮೇಲೆ ಒಂದು ದಿನ ಅವರು ಜ್ವರದಲ್ಲಿ ತೀರಿಕೊಂಡರೆಂಬ ಸುದ್ದಿ ಬಂತು. ಅಂದು ನಾನು ರೊಟ್ಟಿ ಬಡಿಯುತ್ತಿದ್ದೆ. ಹೆಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಯಾದರೂ ತಿರುವಿ ಹಾಕಲಾಗಲಿಲ್ಲ.

ಅವರು ಸತ್ತ ಮೇಲೆ ಹೋದೆ, ಅದೇ ನನ್ನ ಧೈರ್ಯ. ಹಳೆಯ ಗುಡಿಗಳನ್ನು ದಾಟಿ ಊರಾಚೆಯ ಓಣಿಯಲ್ಲಿ ಅವರ ಮನೆ. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅವರ ಹೆಂಡತಿ ನನ್ನನ್ನು ನೋಡಿದವರೇ ಚಾಪೆ ಕೊಡವಿ ಹಾಸಿದರು. ನಾನು ಕುಳಿತುಕೊಳ್ಳದೆಯೇ ಮಾತು ಶುರು ಮಾಡಿದೆ. “ನಿಮ್ಮವರು ಕಳ್ಳರಲ್ಲ. ಅವತ್ತ ಎಣ್ಣಿ ಕಡಿಮಿ ಹಾಕಿದಾಕಿ ನಾನು. ಅವರಿಗೆ ಗೊತ್ತಿಲ್ಲದ ಯಂತ್ರ ನಡೆಸಿದ್ರು.”

“ಗೊತ್ತಿತ್ತರಿ,” ಎಂದರು ಆಕೆ.

ನಾನು ಸರಿಯಾಗಿ ಕೇಳಿಸಿಕೊಂಡಿಲ್ಲವೇನೋ ಅನಿಸಿತು. ಆಕೆ ಎದ್ದು ಹೋಗಿ ಒಂದು ತಗಡಿನ ಪೆಟ್ಟಿಗೆ ತಂದರು. ಅದರಿಂದ ತೆಗೆದುಕೊಟ್ಟದ್ದು ಶಾಲೆ ಮಕ್ಕಳು ಬರೆಯುವ ಎರಡು ಗೆರೆಯ ಕಾಪಿ ಪುಸ್ತಕದ ಅರ್ಧ ಹಾಳೆ. ಅದರ ಒಂದು ಮೂಲೆಗೆ ಒಣಗಿದ ರಕ್ತವಿತ್ತು. ನಡುವೆ ಒಂದು ಕಲೆ. ಕಡಲೆಕಾಳಿನಷ್ಟಲ್ಲ. ಸಾಸಿವೆಗಿಂತ ತುಸು ದೊಡ್ಡದು, ಅಷ್ಟೇ.

“ಅಂಗಿ ಕಿಸೇದಾಗ ಇತ್ತರಿ. ಒಗ್ಯಾಕ ಹಾಕುವಾಗ ಸಿಕ್ತು. ಕೇಳಿದ ಮ್ಯಾಲೆ ಹೇಳಿದ್ರು. ಡಬ್ಬಿ ಎತ್ತಿದಾ‌ಗ ಅವರಿಗೆ ಸಂಶೆ ಬಂದಿತ್ತಂತ. ಅಲ್ಲಿ ಹೋಗಿ ಒಂದ ಮನ್ಯಾಗ ಕಾಗದ ಇಸಕೊಂಡು ಹನಿ ಬಿಟ್ಟ ನೋಡ್ಯಾರ. ಎಣ್ಣಿ ಅರ್ಧಾದಷ್ಟ ಇತ್ತಂತ.”

“ಮತ್ತ ಯಂತ್ರ ಯಾಕ ನಡೆಸಿದ್ರು?” ಎಂದು ಕೇಳಿದೆ.

“ಎಣ್ಣಿ ಕಡಿಮಿ ಐತಿ ಅಂದಿದ್ರ ಸಾವಕಾರ್ರು ಅಲ್ಲೇ ನಿಂತಿದ್ರಲ್ಲರಿ. ಮನಿಗೆ ಟ್ರ್ಯಾಕ್ಟರ್ ಕಳಸತಿದ್ರು, ನಿಮ್ಮ ಹೆಸರ ಬರತಿತ್ತು. ಬಸ್ ಹತ್ತಸತೇನಿ ಅಂದಿದ್ರಂತ ನಿಮಗ. ಅದಕ್ಕ ಔಡಲೆಣ್ಣಿ ಇಸಕೊಂಡು ಕಲಸ್ಯಾರ. ಬಂಡಿ ಕೀಲಿಗೆ ಹಾಕತಾರಲ್ಲ, ಯಂತ್ರಕ್ಕೂ ಆದೀತಂತ. ಅದು ಪೆಟ್ರೋಲಿನಾಗ ಕೂಡೂದಿಲ್ಲ, ತಳಕ್ಕ ಇಳೀತೈತಿ ಅಂತ ಅವರಿಗೂ ಗೊತ್ತಿತ್ತು. ಅಳ್ಳಾಡಿಸಿ ಅಳ್ಳಾಡಿಸಿ ಹಾಕಿ ಒಂದ ಗಿಡ ಮುಗಸೂಣು ಅಂದಕೊಂಡ್ರಂತ.”

ಔಡಲೆಣ್ಣೆ. ಕಾಗದ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ ನಕ್ಕದ್ದು, ನಾನು ನಕ್ಕದ್ದು. ಅವರ ಬೆರಳು ಹೋದದ್ದು ತಿಳಿಯದೆ ಅಲ್ಲ, ತಿಳಿದೂ ಯಂತ್ರಕ್ಕೆ ಕೈ ಹಚ್ಚಿದ್ದರು. ಆಕೆ ಒಂದು ತಂಬಿಗೆ ನೀರು ಮುಂದಿಟ್ಟು, ತೆಗೆದುಕೊಳ್ಳುವೆನೋ ಇಲ್ಲವೋ ಎಂದು ನನ್ನ ಮುಖ ನೋಡುತ್ತಿದ್ದರು. ನಾನು ಗಟಗಟನೆ ಕುಡಿದೆ.

“ಆದ್ರ ಒಂದ ಮಾತ ಹೇಳತಿದ್ರು ನೋಡ್ರಿ,” ಎಂದರು ಆಕೆ. “ಅಕ್ಕಾರ ಎಣಿಕಿ ತಪ್ಪೂ ಕೈ ಅಲ್ಲ. ಐದ ಚಟಾಕ ಅಂದ್ರ ಐದ ಹಾಕಿರತಾರ. ಸೇರ ಬ್ಯಾರೆ ಇದ್ದೀತು. ಒಳಗ ಹೋಗಿ ನೋಡಿದ್ರ ತಿಳೀತಿತ್ತು ಅಂತಿದ್ರು.”

ಒಳಗೆ ಹೋಗಿ ನೋಡಲು ಅವರಿಗೆ ನಾವು ಬಿಟ್ಟಿರಲಿಲ್ಲ. ಒಂದೇ ಒಂದು ಸಲ ಆ ಹೊಸ್ತಿಲು ದಾಟಿದ್ದರೆ ನನ್ನ ಕೈಯಲ್ಲಿದ್ದ ಹಿತ್ತಾಳೆ ಸೇರನ್ನು ಕಂಡಿರುತ್ತಿದ್ದರು. ಆ ಹಾಳೆಯನ್ನು ಬೇಡಿಕೊಂಡೆ, ಆಕೆ ಕೊಟ್ಟರು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮಾವನವರ ಮುಂದೆ ನಿಂತೆ. ಅವರು ಪಡಸಾಲೆಯಲ್ಲಿ ಅಡಕೆ ಕತ್ತರಿಸುತ್ತಿದ್ದರು. ಬಸ್ಸಿಗೆ ಹೆದರುವ ವಯಸ್ಸು ನನ್ನದಾಗಿರಲಿಲ್ಲ, ತಂಗಿಯರ ಮದುವೆಯೂ ಆಗಿತ್ತು. “ಅವತ್ತ ಮಿಸ್ತ್ರಿ ಏನೂ ಮಾರಿರಲಿಲ್ಲ. ಅಳತಿ ತಪ್ಪಿದಾಕಿ ನಾನು,” ಎಂದೆ. ಅವರು ಬೈಯುತ್ತಾರೆ, ಏನಾದರೂ ಎಸೆಯುತ್ತಾರೆ ಎಂದುಕೊಂಡಿದ್ದೆ.

ಅವರು ಅಡಕೊತ್ತು ನಿಲ್ಲಿಸಲೂ ಇಲ್ಲ. “ಗೊತ್ತೈತಿ,” ಎಂದರು. “ಅವತ್ತ ನಾನ ಡಬ್ಬಿ ಮೂಸಿ ನೋಡಿದ್ನೆಲ್ಲ. ಘಾಸಲೇಟ ವಾಸನಿ ಎಲ್ಲಿತ್ತು?”

“ಮತ್ತ ಕಳ್ಳ ಅಂತ ಯಾಕ ಕಳಿಸಿದ್ರಿ?”

“ತಾನ ಕಳ್ಳ ಅಂದಕೊಂಡ. ನಾ ಯಾಕ ಬ್ಯಾಡ ಅನ್ನಲಿ? ಮನ್ಯಾಗಿನ ಸೊಸಿ ಕೈಲೆ ಯಂತ್ರ ಸುಟ್ಟತಿ ಅಂತ ಊರಿಗೆಲ್ಲ ಸಾರಬೇಕಿತ್ತೇನು?” ಎಂದು ಒಂದು ಹೋಳು ಬಾಯಿಗೆ ಹಾಕಿಕೊಂಡರು.

ಬಸ್ಸು ಹತ್ತಿಸುವ ಮಾತು ಗುಡುಗು ಮಾತ್ರ, ಮಳೆಯೇ ಇರಲಿಲ್ಲ. ನಾನು ಆ ದಿನ ಎರಡು ಹೆಜ್ಜೆ ಮುಂದಿಟ್ಟಿದ್ದರೂ ಅವರು ನನ್ನನ್ನು ಕಳಿಸುತ್ತಿರಲಿಲ್ಲ. ಮನೆಯ ಮರ್ಯಾದೆ ಅವರಿಗೆ ಯಂತ್ರಕ್ಕಿಂತ ದೊಡ್ಡದಾಗಿತ್ತು. ಹೆದರಿದವಳು ನಾನು, ಅದನ್ನು ನಂಬಿ ಕೈ ಕೊಟ್ಟವರು ಮಿಸ್ತ್ರಿ.

ಮರುದಿನ ಬೆಳಗ್ಗೆ ಅಡ್ಡೆಯಲ್ಲಿ ಎಲ್ಲರೂ ಸೇರುವ ಹೊತ್ತಿಗೆ ನಾನು ಎರಡೂ ಸೇರುಗಳನ್ನು, ಒಂದು ಕೊಡ ನೀರನ್ನು ತೆಗೆದುಕೊಂಡು ಹಿತ್ತಲ ಹೊಸ್ತಿಲು ದಾಟಿ ಹೋದೆ. ಆ ಮನೆಯ ಸೊಸೆಯಂದಿರು ಯಾರೂ ಅಡ್ಡೆಗೆ ಕಾಲಿಟ್ಟವರಲ್ಲ. ಗರಗಸದವರು ಕೆಲಸ ನಿಲ್ಲಿಸಿ ಎದ್ದು ನಿಂತರು. ನಾನು ಹಿತ್ತಾಳೆ ಸೇರು ತುಂಬಿ ಕಬ್ಬಿಣದ ಸೇರಿಗೆ ಸುರಿದೆ. ಅದು ತುಂಬಿ ಹೊರಗೆ ಚೆಲ್ಲಿ, ಕಟ್ಟಿಗೆಯ ಹೊಟ್ಟಿನ ಮೇಲೆ ಹರಿಯಿತು. ಹರಿಯುತ್ತಲೇ ಇತ್ತು. “ಮಿಸ್ತ್ರಿ ಕಳವು ಮಾಡಿರಲಿಲ್ಲ. ಇದು ನನ್ನ ತಪ್ಪು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಟ್ರ್ಯಾಕ್ಟರ್ ನಡೆಸುವವನು ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಅವತ್ತ ನನ್ನ ಟ್ರ್ಯಾಕ್ಟರ್ ದಾರ್ಯಾಗ ಎಲ್ಲೂ ನಿಂದ್ರಲಿಲ್ಲರಿ,” ಎಂದ. “ಅಂವಾ ಸುಳ್ಳ ಹೇಳಾಕತ್ತಾನಂತ ನನಗೂ ಗೊತ್ತಿತ್ತು. ನನ್ನನ್ನ ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ.” ಆಮೇಲೆ ನನ್ನನ್ನೇ ನೋಡಿ ಕೇಳಿದ, “ನೀವು ಇದನ್ನ ಅಂವಾ ಇದ್ದಾಗ ಯಾಕ ಹೇಳಲಿಲ್ಲರಿ ಅಕ್ಕಾರ?”

ಆ ಹಾಳೆ ಇಂದಿಗೂ ನನ್ನ ಹತ್ತಿರ ಇದೆ. ಕಲೆ ಮಾಸಿಲ್ಲ, ಎಣ್ಣೆಯ ಕಲೆ ಮಾಸುವುದಿಲ್ಲ. ಅವನ ಪ್ರಶ್ನೆಗೆ ಉತ್ತರ ನನಗೆ ಆಗಲೂ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಈಗ ಬರೆದಿದ್ದೇನೆ. ನಾನು ರಾಮದುರ್ಗದ ಬಸ್ಸಿಗೆ ಹೆದರಿದ್ದೆ. ಆ ಬಸ್ಸು ಬರುವುದೇ ಇರಲಿಲ್ಲ.